ಸೂಜಿಯಿಂದ ಮಾಡಿದ ಅಚ್ಚು

ಕೊರಟಗೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ರುದ್ರಮುನಿ ವಾಚು ರಿಪೇರಿ ಅಂಗಡಿ ಇಟ್ಟು ನಲವತ್ತಾರು ವರ್ಷವಾಯಿತು. ಈಗ ಬರುವವರೆಲ್ಲ ಸೆಲ್ಲು ಹಾಕಿಸುವವರು, ಬೆಲ್ಟು ಬದಲಾಯಿಸುವವರು. ಅದನ್ನು ಮಾಡುವುದಕ್ಕೂ ಬೇಸರ, ಮಾಡದೆ ಕೂರುವುದಕ್ಕೂ ಬೇಸರ. ಯುಗಾದಿ ಕಳೆದ ಮೇಲೆ ಬಲಗೈ ಬೇರೆ ನಡುಗಲು ಹಿಡಿದಿತ್ತು.

ಅಂಥ ಒಂದು ಮಧ್ಯಾಹ್ನ ಮಧುಗಿರಿಯಿಂದ ರಿಟೈರ್ಡ್ ಟೀಚರು ವೇದಾವತಿ, ಹಳೇ ವಾಚು ಬಿಚ್ಚುವವರು ಇಲ್ಲೊಬ್ಬರಿದ್ದಾರೆಂದು ಯಾರೋ ಹೇಳಿದ್ದಕ್ಕೆ ಬಂದು, ಅರ್ಧ ಬಾಟಲಿ ನೀರು ಕುಡಿದು, ಕರ್ಚೀಫಿನ ಗಂಟು ಬಿಚ್ಚಿದರು. ತೀರಿಹೋದ ತಂದೆಯ ಸ್ವಿಸ್ ವಾಚು. ನಿಂತು ವರ್ಷವಾಗಿತ್ತಂತೆ. ಬೆಂಗಳೂರಿನ ಕಂಪನಿ ಅಂಗಡಿಗೆ ಮೂರು ಸಲ ಅಲೆದರಂತೆ. ಅಲ್ಲಿ ಏಸಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಯಾವುದೋ ಹಿಮದೂರಿನಲ್ಲಿ ಅಜ್ಜ, ಮಗ, ಮೊಮ್ಮಗ ಒಂದೇ ಮೇಜಿಗೆ ಕೂತು ಈ ವಾಚು ಮಾಡಿಕೊಂಡು ಬಂದ ಕಥೆಯನ್ನು ಟೀವಿಯಲ್ಲಿ ತೋರಿಸಿದರಂತೆ. ಆಮೇಲೆ, ಒಳಗೆ ಯಾರೋ ಹೊರಗಿನ ಪಾರ್ಟು ತುರುಕಿದ್ದಾರೆ, ಇಡೀ ಮಿಷನ್ ಬದಲಾಯಿಸದೆ ಮುಟ್ಟುವುದಿಲ್ಲ ಎಂದರಂತೆ.

“ನಾನು ಜಗಳ ಆಡ್ಬುಟ್ಟೆ ಕಣ್ರೀ. ಆ ಪಾರ್ಟು ಬೊಂಬಾಯಿಂದ ತರಿಸಿದ ಒರಿಜಿನಲ್ಲು, ನಮ್ಮಪ್ಪ ನೂರು ಸಲ ಹೇಳವ್ರೆ ಅಂದೆ. ಕೌಂಟರಲ್ಲಿದ್ದ ಹುಡುಗಿ ನಕ್ಬುಟ್ಲು. ನಮ್ಮಪ್ಪ ಮೋಸ ಹೋದ್ರಾ? ಅಷ್ಟು ಹೇಳಿ ಸಾಕು.”

ರುದ್ರಮುನಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಹಿಂದಿನ ಮುಚ್ಚಳ ತೆಗೆದರು. ರಿಪೇರಿ ಮಾಡಿದವನು ಮುಚ್ಚಳದ ಒಳಗೆ ತನ್ನ ಗುರುತು, ತಿಂಗಳು, ವರ್ಷ ಗೀರುವುದು ಕಸುಬಿನ ಪದ್ಧತಿ. ಅಲ್ಲಿ ಎರಡು ಗೀರುಗಳಿದ್ದವು. ಒಂದು ಯಾವ ದೇಶದವನದೋ. ಇನ್ನೊಂದು ಅವರದೇ, ಎಂಬತ್ತೆಂಟನೇ ಇಸವಿಯದು.

ಆಗ ನೆನಪಾಯಿತು. ಈಕೆಯ ತಂದೆ ನಂದೀಶ್ವರಯ್ಯ, ಸಬ್‌ರಿಜಿಸ್ಟ್ರಾರು. ವಾಚು ಮೆಟ್ಟಿಲ ಮೇಲೆ ಬಿದ್ದು, ಒಳಗೆ ಹಿಂದೆಮುಂದೆ ಆಡುವ ಚಕ್ರದ ಅಚ್ಚು ಮುರಿದಿತ್ತು. ಎಲ್ಲಿ ಹುಡುಕಿದರೂ ಬೇರೆ ಅಚ್ಚು ಸಿಗಲಿಲ್ಲ. ರುದ್ರಮುನಿಯೇ ಹೊಲಿಗೆ ಮಿಷನ್ನಿನ ಸೂಜಿಯನ್ನು ಹನ್ನೊಂದು ದಿನ ಉಜ್ಜಿ, ಎಳ್ಳಿಗಿಂತ ಸಣ್ಣ ಅಚ್ಚು ಮಾಡಿ ಕೂರಿಸಿದ್ದರು. ಕೆಲಸ ಕಲಿಸಿದ ಕದಿರಯ್ಯನವರು, ಸೂಜಿ ಅಂದರೆ ಸಾಹೇಬರು ವಾಚನ್ನು ಮುಖಕ್ಕೆ ಎಸೆಯುತ್ತಾರೆ, ಬೊಂಬಾಯಿದು ಅನ್ನು ಎಂದಿದ್ದರು. ರುದ್ರಮುನಿ ಹಾಗೇ ಅಂದಿದ್ದರು.

ಅಚ್ಚು ಈಗಲೂ ಸವೆದಿರಲಿಲ್ಲ. ಎಣ್ಣೆ ಒಣಗಿತ್ತು, ಅಷ್ಟೆ. ಎಲ್ಲ ಬಿಚ್ಚಿ, ತೊಳೆದು ಎಣ್ಣೆ ಬಿಟ್ಟು ಕೊಟ್ಟರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ರುದ್ರಮುನಿ ಭೂತಗನ್ನಡಿ ತೆಗೆದು ಕಣ್ಣೊರೆಸಿಕೊಂಡರು. ಸುಳ್ಳು ಹೇಳುವುದಕ್ಕೂ ಮೈಯಲ್ಲಿ ಕಸುವು ಬೇಕು.

“ನಿಮ್ಮಪ್ಪ ಮೋಸ ಹೋದ್ರು ಕಣಮ್ಮ. ಮೋಸ ಮಾಡಿದ್ದು ನಾನೇಯ.”

ಸೂಜಿಯಿಂದ ಹಿಡಿದು ಬೊಂಬಾಯಿಯವರೆಗೆ ಎಲ್ಲ ಹೇಳಿದರು. ವೇದಾವತಿ ಮುಚ್ಚಳ ಎತ್ತಿ ಒಳಗಿನ ಗೀರು ನೋಡಿದರು. ತುಮಕೂರಿನ ಬಸ್ಸೊಂದು ಹಾರ್ನು ಹೊಡೆದು ಹೋಯಿತು.

“ಅಲ್ರೀ, ಮೂವತ್ತಾರು ವರ್ಷ ಓಡಿದ್ದು ಆ ಸೂಜೀನಾ?”

“ಅದೇಯ.”

“ನಮ್ಮಪ್ಪ ಕಂಡಕಂಡೋರಿಗೆಲ್ಲ ಬೊಂಬಾಯಿ ಬೊಂಬಾಯಿ ಅಂತ ಕುಯ್ದಿದ್ದೇ ಕುಯ್ದಿದ್ದು. ನಿಮ್ಮೆಸ್ರು ಒಂದ್ಸಲಾನೂ ಹೇಳ್ಳಿಲ್ಲ. ಹಂಗ್ ನೋಡಿದ್ರೆ ನೀವೂ ಮೋಸ ಹೋದ್ರಿ.” ಆಕೆಯ ದನಿಯಲ್ಲಿ ಕೋಪವಿತ್ತೋ ನಗುವಿತ್ತೋ, ರುದ್ರಮುನಿಗೆ ತಿಳಿಯಲಿಲ್ಲ. “ಈಗೇನ್ ಮಾಡ್ಬೇಕು?”

ಅವರು ನಡುಗುವ ಕೈಯನ್ನು ಮೇಜಿನ ಮೇಲೆ ಚಾಚಿ ತೋರಿಸಿದರು. ಬೆಳಗ್ಗೆ ಎದ್ದ ಒಂದು ಗಂಟೆ ಮಾತ್ರ ಇದು ಹೇಳಿದ ಮಾತು ಕೇಳುತ್ತದೆ, ದಿನಕ್ಕೆ ಎರಡು ಸ್ಕ್ರೂ ಆದರೆ ಹೆಚ್ಚು, ತಿಂಗಳೇ ಆಗಬಹುದು, ಕಂಪನಿಗೇ ಕೊಟ್ಟು ಹೊಸ ಮಿಷನ್ ಹಾಕಿಸಿ, ಅದೇ ವಾಸಿ ಎಂದರು.

“ಬ್ಯಾಡ,” ಎಂದು ವೇದಾವತಿ ವಾಚನ್ನು ಅವರತ್ತ ಸರಿಸಿದರು. “ಆ ಹುಡುಗಿ ಮುಂದೆ ಇನ್ನೊಂದ್ಸಲ ಹೋಗಿ ಕೂರಕ್ಕೆ ನಂಗೂ ಕೈಲಾಗಲ್ಲ. ನಿಧಾನಕ್ಕೆ ಮಾಡಿ.”