ಭೀಮಬಾಯಿ ಒತ್ತಿದ ಗುಂಡಿ

ನಸುಕಿನಲ್ಲೇ ಎದ್ದು ಬೀದಿ ನಳದಲ್ಲಿ ನೀರು ಹಿಡಿಯಬೇಕು. ಗಂಡನಿಗೆ ಗಂಜಿ ಕುಡಿಸಬೇಕು. ಆಮೇಲೆ ಲಿಂಗಂಪಲ್ಲಿಯಿಂದ ತುಂಬಿದ ಬಸ್ಸಿನಲ್ಲಿ ಜೋತು ಬಿದ್ದು, ಸಾಹೇಬರು ಬರುವ ಮೊದಲೇ ಕಂಪನಿಯ ಕಕ್ಕಸು ತೊಳೆದಿರಬೇಕು. ಭೀಮಬಾಯಿಯ ದಿನ ಶುರುವಾಗುತ್ತಿದ್ದುದೇ ಹೀಗೆ.

ಗಂಡ ಶಾಂತಪ್ಪನ ಎರಡೂ ಕೈ ಜೀಡಿಮೆಟ್ಲಾದ ಒಂದು ಕಾರ್ಖಾನೆಯಲ್ಲಿ ಆಸಿಡ್ ಬಿದ್ದು ಸುಟ್ಟಿದ್ದವು. ಪೈಪು ಬಿಚ್ಚು ಎಂದವನು ಗುತ್ತಿಗೆದಾರ. ಹೇಳದೆ ಕೇಳದೆ ನಾನೇ ಮುಟ್ಟಿದೆ ಎಂಬ ಕಾಗದವನ್ನು ಆಸ್ಪತ್ರೆಗೆ ತಂದವನೂ ಅವನೇ. ಕೈಗೆ ಬ್ಯಾಂಡೇಜು ಸುತ್ತಿದ್ದರಿಂದ ಆ ಮಹಾರಾಯ ಶಾಂತಪ್ಪನ ಕಾಲಿನ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಒತ್ತಿಸಿಕೊಂಡು ಹೋದ. ಮುಂದೆ ಪರಿಹಾರದ ಮಾತೆತ್ತಿದಾಗಲೆಲ್ಲ ಆ ಕಾಗದವೇ ಎದುರಿಗೆ ಬಂತು.

ಭೀಮಬಾಯಿ ಯಾದಗಿರಿ ಕಡೆಯವಳು, ದುಡಿಮೆಗೆಂದು ಗಂಡನೊಡನೆ ಈ ಪರರಾಜ್ಯದ ಪಟ್ಟಣಕ್ಕೆ ಬಂದವಳು. ಏಳನೇ ಇಯತ್ತೆಯವರೆಗೆ ಕನ್ನಡ ಓದಿದ್ದಳು. ಆ ಓದೇ ಅವಳಿಗೆ ಮುಳುವಾಯಿತು.

ಅವಳು ಕಸ ಹೊಡೆಯುತ್ತಿದ್ದ ಕಂಪನಿಯಲ್ಲಿ ಕನ್ನಡದ ಕೈಪಿಡಿಯೊಂದು ತಯಾರಾಗುತ್ತಿತ್ತು. ಕಂಪ್ಯೂಟರ್ ನಡೆಸುವ ಆಪರೇಟಿಂಗ್ ಸಿಸ್ಟಮ್ ಇರುತ್ತದಲ್ಲ, ಅದರಲ್ಲಿ ಪುಕ್ಕಟೆ ಸಿಗುವ ಒಂದು ಜಾತಿಯಿದೆ. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಕರ್ನಾಟಕದ ಹಳ್ಳಿ ಗ್ರಂಥಾಲಯಗಳ ಹಳೇ ಕಂಪ್ಯೂಟರುಗಳಿಗೆ ಅದನ್ನು ಹಾಕಿಸಬೇಕೆಂದು ಬೆಂಗಳೂರಿನ ಟ್ರಸ್ಟೊಂದು ಹೊರಟಿತ್ತು. ಹಾಕುವುದು ಹೇಗೆಂದು ಹಳ್ಳಿಯವರಿಗೆ ತಿಳಿಯುವಂತೆ ಕೈಪಿಡಿ ಬರೆದು ತಿದ್ದುವ ಕೆಲಸ ಈ ಕಂಪನಿಗೆ ಬಂದಿತ್ತು. ಬರೆಯುವವಳು ಮೈಸೂರಿನ ಗಾನವಿ. ಬರೆಸುವವನು ಮ್ಯಾನೇಜರ್ ರವಿಶಂಕರ್.

ಬರೆದದ್ದು ಸರಿಯೋ ತಪ್ಪೋ ನೋಡಲು ಒಂದು ರೂಢಿಯಿದೆ. ಕಂಪ್ಯೂಟರ್ ಗೊತ್ತಿಲ್ಲದವರನ್ನು ಕೂರಿಸಿ ಕೈಪಿಡಿ ಕೊಡುತ್ತಾರೆ. ಕೂತವರು ಓದುತ್ತಾ ಮಾಡುತ್ತಾ, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ನೋಡುವವರು ಹಿಂದೆ ಕೂತು ಬರೆದುಕೊಳ್ಳಬೇಕು. ಅವರೇನು ಹೇಳಿದರೂ ನಡುವೆ ತುಟಿ ಬಿಚ್ಚಕೂಡದು. ಕಂಪ್ಯೂಟರ್ ಗೊತ್ತಿಲ್ಲದ, ಕನ್ನಡ ಓದಬಲ್ಲ ಜನ ಆ ಗಾಜಿನ ಕಟ್ಟಡದಲ್ಲಿ ಇನ್ನೆಲ್ಲಿ ಸಿಗಬೇಕು? ಕಸ ಹೊಡೆಯುವ ಭೀಮಬಾಯಿ, ಶೋಭಾ, ಗೇಟಿನ ಸಾಬಣ್ಣ ಸಿಕ್ಕರು. ಬೆಳಗಿನ ಕೆಲಸ ಮುಗಿದ ಮೇಲೆ ಬಿಟ್ಟಿಯಾಗಿ ಕೂರುತ್ತಿದ್ದರು. ಒಂದು ಚಹಾ ಸಿಗುತ್ತಿತ್ತು.

"ಹೆದರ್ಬೇಡಿ ಅಮ್ಮ. ಪರೀಕ್ಷೆ ನಿಮಗಲ್ಲ, ಪುಸ್ತಕಕ್ಕೆ," ಎಂದಿದ್ದಳು ಗಾನವಿ.

ಆ ದಿನ ಭೀಮಬಾಯಿಯ ಸರದಿ. ಪರೀಕ್ಷೆಗೆಂದೇ ಇಟ್ಟಿದ್ದ ಲ್ಯಾಪ್‌ಟಾಪನ್ನು ರವಿಶಂಕರನೇ ತಂದಿಟ್ಟ. ಅವಳು ಒಂದೊಂದೇ ಸಾಲು ಓದಿ, ಹೇಳಿದಂತೆ ಮಾಡುತ್ತಾ ಬಂದು ಒಂದು ಕಡೆ ನಿಂತಳು.

"'ಡಿಸ್ಕ್ ಅಳಿಸಿ ಸ್ಥಾಪಿಸು' ಆರಿಸಿ, 'ಮುಂದೆ' ಒತ್ತಿ ಅಂತ ಐತಿ. ಏನ್ ಅಳಸಾಕ ಹೇಳಾಕತ್ತಾರೋ ಏನೋ. ಒತ್ತಲೇನ್ರಿ ಅಕ್ಕಾರ?"

ಗಾನವಿ ಬಾಯಿ ತೆರೆದಳು. ರವಿಶಂಕರ ತುಟಿಯ ಮೇಲೆ ಬೆರಳಿಟ್ಟ. ಭೀಮಬಾಯಿ ಒತ್ತಿದಳು.

ಸ್ವಲ್ಪ ಹೊತ್ತಿಗೆ ರವಿಶಂಕರನ ಮುಖ ಬಿಳಿಚಿತು. ಒಂದೇ ಬಣ್ಣದ ಎರಡು ಲ್ಯಾಪ್‌ಟಾಪುಗಳಲ್ಲಿ ಅವಸರಕ್ಕೆ ತನ್ನದನ್ನೇ ತಂದಿಟ್ಟಿದ್ದ ಪುಣ್ಯಾತ್ಮ. ಟ್ರಸ್ಟಿನವರಿಗೆ ಮರುದಿನ ತೋರಿಸಬೇಕಿದ್ದ ತಿಂಗಳುಗಳ ಕೆಲಸ, ಪರೀಕ್ಷೆಗಳ ಟಿಪ್ಪಣಿ, ವರದಿ ಎಲ್ಲ ಅದರಲ್ಲಿತ್ತು. ಆ ಗುಂಡಿ ಒತ್ತಿದರೆ ಕಂಪ್ಯೂಟರಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಈಗ ಏನೂ ಉಳಿದಿರಲಿಲ್ಲ.

ಮಧ್ಯಾಹ್ನ, ಕಂಪನಿಗೆ ಕಸ ಹೊಡೆಯುವವರನ್ನು ಒದಗಿಸುವ ಏಜೆನ್ಸಿಯ ಸೂಪರ್‌ವೈಸರ್ ನರಹರಿ ಕಾಗದ ಹಿಡಿದು ಬಂದ.

"ಟೇಬಲ್ ಒರಸಾಕ ಹೋಗಿ ಕಂಪ್ಯೂಟರಿಗೆ ಕೈ ಹಚ್ಚಿದೆ ಅಂತ ಒಂದ್ ಸಹಿ ಹಾಕು. ಬ್ಯಾರೆ ಬಿಲ್ಡಿಂಗಿಗೆ ಹಾಕ್ತೀನಿ."

"ನಾ ಒರಸಾಕ ಹೋಗಿದ್ದಿಲ್ಲರಿ. ಅವರ ಕರದು ಕುಂದ್ರಿಸಿದ್ರು."

"ಅದು ನನಗೂ ಗೊತ್ತೈತಿ ತಂಗಿ. ಕೈಪಿಡಿ ನೋಡಿ ಹಿಂಗಾತು ಅಂತ ಟ್ರಸ್ಟಿನವರಿಗೆ ತಿಳದ್ರ ಇವರ ಕೆಲಸ ಹೋಗತೈತಿ. ಸಹಿ ಹಾಕಲಿಲ್ಲಂದ್ರ ನಿನ್ನ ಕೆಲಸ ಹೋಗತೈತಿ. ಆಮ್ಯಾಲ ಯಾವ ಏಜೆನ್ಸಿಯವರೂ ನಿನ್ನ ಒಳಗ ಬಿಟ್ಕೊಳ್ಳಂಗಿಲ್ಲ. ನಾಳಿ ಮುಂಜಾನಿ ತನಕ ವಿಚಾರ ಮಾಡು."

ಬಾಗಿಲಲ್ಲಿ ನಿಂತಿದ್ದ ಗಾನವಿ ಇದನ್ನೆಲ್ಲ ಕೇಳಿದಳು. ಕೇಳಿ, ತಲೆ ತಗ್ಗಿಸಿ ಹೋದಳು. ಓದಿದವರಿಗೂ ಹೊಟ್ಟೆಪಾಡು ಇರುತ್ತದೆ ನೋಡಿ.

ಮನೆಗೆ ಬಂದು ಶಾಂತಪ್ಪನಿಗೆ ಎಲ್ಲವನ್ನೂ ಹೇಳಿದಳು.

"ಹಾಕಿಬಿಡು," ಅಂದ. "ಇದೊಂದು ಪಗಾರ ನಿಂತ್ರ ನಾವು ಎಲ್ಲಿ ಇರೂದು?"

"ನೀ ಒತ್ತಿದಿಯಲ್ಲ, ಕಾಲಿಲೆ. ಏನ್ ಸಿಕ್ತು?"

ಶಾಂತಪ್ಪ ಗೋಡೆ ಕಡೆ ಮುಖ ತಿರುಗಿಸಿದ. ಅಂದದ್ದು ಹೆಚ್ಚಾಯಿತೆಂದು ಭೀಮಬಾಯಿಗೆ ಸಂಕಟವಾಯಿತು. ಆದರೆ ಸುಳ್ಳೇನೂ ಅಂದಿರಲಿಲ್ಲ.

ಬೆಳಿಗ್ಗೆ ಚಹಾ ಮಾಡುವ ಕೋಣೆಯಲ್ಲಿ ಶೋಭಾ, ಸಾಬಣ್ಣ ಇಬ್ಬರಿಗೂ ಹೇಳಿದಳು. ನರಹರಿ ತಂದ ಕಾಗದದ ಮಾತನ್ನೂ ಹೇಳಿದಳು.

"ಇವತ್ತು ನಿನ್ನ ಮ್ಯಾಲ ಬಂತು, ನಾಳಿ ನಮ್ಮ ಮ್ಯಾಲ," ಅಂದಳು ಶೋಭಾ. ಸಾಬಣ್ಣ ಟೋಪಿ ತೆಗೆದು ಮೇಜಿನ ಮೇಲಿಟ್ಟ.

ಟ್ರಸ್ಟಿನ ನಿಖಿತಾ ಬಂದು ಕೂತಳು. ತೋರಿಸಲು ಕೆಲಸವಿಲ್ಲ. ಕಾಗದದ ಮೇಲೆ ಅಚ್ಚಾಗಿದ್ದ ಕೈಪಿಡಿಯೊಂದೇ ಉಳಿದಿತ್ತು. "ಹಾಗಿದ್ರೆ ಯಾರನ್ನಾದ್ರೂ ಕೂರ್ಸಿ. ನಾನೇ ನೋಡ್ತೀನಿ," ಎಂದಳು. ರವಿಶಂಕರ ಹೊರಗೆ ಓಡಿಬಂದು ಶೋಭಾಳನ್ನು ಕರೆದ.

"ನಾ ಕುಂದ್ರಂಗಿಲ್ಲರಿ. ಒತ್ತು ಅಂತೀರಿ. ಒತ್ತಿದ ಮ್ಯಾಲ ಯಾಕ ಮುಟ್ಟಿದಿ ಅಂತೀರಿ."

ಸಾಬಣ್ಣನನ್ನು ಕರೆದ.

"ನನಗೂ ಆಗಂಗಿಲ್ಲರಿ. ಭೀಮಬಾಯಿ ಕುಂದರ್ತಾಳಂದ್ರ ಕುಂದರಲಿ."

ಒಳಗೆ ನಿಖಿತಾ ಗಡಿಯಾರ ನೋಡಿಕೊಳ್ಳುತ್ತಿದ್ದಳು. ರವಿಶಂಕರ ಭೀಮಬಾಯಿಯ ಹತ್ತಿರ ಬಂದು ದನಿ ತಗ್ಗಿಸಿದ.

"ನೋಡಮ್ಮ, ಆ ಕಾಗದ ನಾನೇ ಹರಿದು ಹಾಕ್ತೀನಿ. ಕೆಲಸ ಇಲ್ಲೇ ಇರುತ್ತೆ. ಮೊದಲಿನ ನಾಲ್ಕು ಸಾಲು ಓದು, ಮಾಡು, ಎದ್ದು ಬಾ. ನಿನ್ನೆ ಮಾತು ಬೇಡ."

ಕೆಲಸ ಇಲ್ಲೇ ಇರುತ್ತದೆ. ಬಾಡಿಗೆ, ಗಂಜಿ, ಶಾಂತಪ್ಪನ ಮುಲಾಮು ಎಲ್ಲವೂ ಆ ಒಂದು ಮಾತಿನಲ್ಲಿದ್ದವು. ಭೀಮಬಾಯಿ ಹೂಂ ಎಂದಳು. ಆ ಗಳಿಗೆಯಲ್ಲಿ ಅವಳು ನಿಜವಾಗಿಯೂ ಒಪ್ಪಿಕೊಂಡಿದ್ದಳು, ಮುಚ್ಚಿಡುವುದೇಕೆ?

ಕೂತಳು. ನಾಲ್ಕು ಸಾಲು ಮುಗಿದವು. ರವಿಶಂಕರ ಕೆಮ್ಮಿದ. ಅವಳು ಏಳಲಿಲ್ಲ. ಓದುತ್ತಾ ಹೋದಳು.

"'ಡಿಸ್ಕ್ ಅಳಿಸಿ ಸ್ಥಾಪಿಸು' ಅಂತ ಐತಿ. ನಿನ್ನಿನೂ ಇದನ್ನ ಓದೀನಿ. ಒತ್ತಲೇನ್ರಿ ಅಂತ ಕೇಳೀನಿ. ಯಾರೂ ಬಾಯಿ ಬಿಡಲಿಲ್ಲ. ಒತ್ತಿದೆ. ಸಾಹೇಬರದೆಲ್ಲಾ ಹೋತು."

"ಸಾಕು, ಏಳಮ್ಮ," ಎಂದ ರವಿಶಂಕರ.

"ಕುಂತಾಕಿ ಮಾತಾಡೂಮುಂದ ನಡುವ ಯಾರೂ ಮಾತಾಡಬಾರದು ಅಂತ ನೀವ ಹೇಳೀರಿ, ಸಾಹೇಬ್ರ."

ನಿಖಿತಾ ಅವನತ್ತ ಕೈ ಎತ್ತಿ ಕೂರುವಂತೆ ಸನ್ನೆ ಮಾಡಿದಳು. ಭೀಮಬಾಯಿ ಪರದೆಯಿಂದ ಕಣ್ಣು ತೆಗೆಯದೆ ಮುಂದುವರಿಸಿದಳು.

"ಈಗ ನಾ ಒರಸಾಕ ಬಂದು ಮುಟ್ಟೀನಿ ಅಂತ ಸಹಿ ಕೇಳಾಕತ್ತಾರ. ಹಾಕಲಿಲ್ಲಂದ್ರ ಕೆಲಸ ಇಲ್ಲ ಅಂತಾರ. ನಾ ಹಾಕಂಗಿಲ್ಲ."

"ಇಲ್ಲೊಂದು ಎಚ್ಚರಿಕೆ ಬರೀಬೇಕು ಅಂತ ನಿಮಗ್ಯಾರಿಗೂ ಅನ್ನಿಸ್ಲಿಲ್ವಾ?" ನಿಖಿತಾ ಕೇಳಿದಳು.

ಗಾನವಿ ಎದ್ದು ನಿಂತಳು. "ಬರೆದಿದ್ದೆ. ಜನ ಹೆದರ್ಕೋತಾರೆ, ತೆಗಿ ಅಂದ್ರು ಸರ್. ತೆಗೆದೆ. ನಿನ್ನೆ ಇವರು ಕೇಳ್ದಾಗ ನಾನೂ ಸುಮ್ನಿದ್ದೆ."

ರವಿಶಂಕರ ಏನೋ ಹೇಳಹೊರಟ. ಭೀಮಬಾಯಿ ಕುರ್ಚಿಯಲ್ಲೇ ತಿರುಗಿ ಅವನನ್ನು ನೇರ ನೋಡಿದಳು. ಇಷ್ಟು ವರ್ಷದಲ್ಲಿ ಅವನ ಮುಖವನ್ನು ಅವಳು ಹಾಗೆ ನೋಡಿರಲಿಲ್ಲ.

"ಸಾಹೇಬ್ರ, ಈ ಪುಸ್ತಕ ನಮ್ಮೂರಿಗೂ ಹೋಗತೈತಿ. ಅಲ್ಲಿ ನನ್ನಂಥಾಕಿ ಒಬ್ಬಾಕಿ ಓದ್ತಾಳ, ಒತ್ತತಾಳ. ಊರ ಮಂದಿದೆಲ್ಲಾ ಹೋಗತೈತಿ. ಆಕಿ ಕಡೆನೂ ಸಹಿ ತಗೋತೀರೇನ್ರಿ?"

ಅವನು ಕೈಪಿಡಿಯನ್ನು ಮುಚ್ಚಲು ಕೈ ಚಾಚಿದ. ಶೋಭಾ, ಸಾಬಣ್ಣ ಯಾರನ್ನೂ ಕೇಳದೆ ಒಳಗೆ ಬಂದು ಭೀಮಬಾಯಿಯ ಪಕ್ಕದಲ್ಲಿ ನಿಂತರು.

"ಹೇಳ್ರಿ, ಸಾಹೇಬ್ರ. ಆಕಿ ಕಡೆನೂ ತಗೋತೀರೇನು?" ಅಂದಳು ಶೋಭಾ.