ಸೋಸಿ ಎಸೆದ ಸದ್ದು

ಕರಿಬಸಮ್ಮ ಹಾರ್ಟ್ ಅಟ್ಯಾಕ್ ಆಗಿ ಸತ್ತಳೆಂದು ನಮ್ಮೂರು ಹಂಗಳದಲ್ಲಿ ಎಲ್ಲರೂ ನಂಬಿದ್ದಾರೆ. ನಂಬಿಸಿದವರು ನನ್ನ ಅಪ್ಪ ಶಾಂತಮಲ್ಲಪ್ಪ. ಅದು ಸುಳ್ಳೆಂಬುದಕ್ಕೆ ಸಾಕ್ಷಿ ಇರುವುದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅದನ್ನು ಅವಳ ಮಗಳು ಭಾಗ್ಯಳಿಗೆ ತೋರಿಸಬೇಕೋ, ಅಪ್ಪನನ್ನು ಉಳಿಸಿಕೊಳ್ಳಬೇಕೋ ಎಂದು ಮೂರು ದಿನ ತೂಗಿನೋಡಿದೆ.

ನಾನು ಶಿವರಂಜಿನಿ. ಚಾಮರಾಜನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ, ಜೊತೆಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ಭೂಮಿಯ ಸುತ್ತ ಸಾವಿರಾರು ಕಿಲೋಮೀಟರ್ ಎತ್ತರದಲ್ಲಿ ಎಲೆಕ್ಟ್ರಾನುಗಳು ಕಾಂತಕ್ಷೇತ್ರಕ್ಕೆ ಸಿಕ್ಕಿಬಿದ್ದು, ಗಾಣದೆತ್ತಿನಂತೆ ಸುತ್ತುತ್ತ ಉತ್ತರಕ್ಕೂ ದಕ್ಷಿಣಕ್ಕೂ ಓಡಾಡುತ್ತಿರುತ್ತವೆ. ತಿಂಗಳುಗಟ್ಟಲೆ ಹೀಗೇ. ಇಲ್ಲಿ ಮಿಂಚು ಹೊಡೆದರೆ ಅದರ ರೇಡಿಯೊ ಅಲೆಯ ಒಂದು ಪಾಲು ಮೇಲಕ್ಕೆ ಸೋರಿ, ಅಲ್ಲಿನ ಪ್ಲಾಸ್ಮಾದಲ್ಲಿ ಸಿಳ್ಳೆಯ ಹಾಗೆ ಎಳೆದುಕೊಂಡು ಸಾಗುತ್ತದೆ. ಎಲೆಕ್ಟ್ರಾನ್ ಸುತ್ತುವ ಲಯಕ್ಕೂ ಅಲೆಯ ಲಯಕ್ಕೂ ತಾಳ ಕೂಡಿತೋ, ಎಲೆಕ್ಟ್ರಾನ್ ದಾರಿ ಬದಲಿಸಿ ವಾತಾವರಣಕ್ಕೆ ಬಿದ್ದು ಮುಗಿಯುತ್ತದೆ. ದೊಡ್ಡ ಹೊಡೆತವೇನೂ ಬೇಕಿಲ್ಲ.

ಆ ಮಿಂಚುಗಳನ್ನು ಎಣಿಸಲು ಅಪ್ಪನ ಹೊಲದ ಪಂಪ್‌ಮನೆಯ ಮೇಲೆ ತಂತಿ ಸುತ್ತಿದ ಆಂಟೆನಾ ಕಟ್ಟಿದ್ದೆ. ಪಟ್ಟಣದ ಕರೆಂಟಿನ ಗಲಾಟೆ ಇಲ್ಲದ ಕಾಡಂಚು. ಆದರೂ ಜುಲೈಯಿಂದ ದಿನಾ ಸಂಜೆ ಏಳಕ್ಕೆ ಗುಂಯ್ ಎಂದು ಶುರುವಾಗಿ ಬೆಳಿಗ್ಗೆ ಆರರ ಹೊತ್ತಿಗೆ ನಿಲ್ಲುತ್ತಿತ್ತು. ಕೇಳಿದ್ದಕ್ಕೆ ಅಪ್ಪ, "ಪಂಪ್‌ಸೆಟ್ ಕಣವ್ವ," ಅಂದರು. ರಾತ್ರಿ ನಮ್ಮ ಕಡೆಗೆ ತ್ರೀಫೇಸ್ ಕರೆಂಟ್ ಕೊಡುವುದಿಲ್ಲ, ಬಲ್ಬು ಉರಿಯುವಷ್ಟೇ; ಪಂಪ್ ಓಡುವುದಿಲ್ಲ. ಇದು ಹಂಗಳದ ಹಸುಗೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಕೆದಕಲಿಲ್ಲ. ಕರೆಂಟಿನ ಆ ಐವತ್ತು ಹರ್ಟ್ಸಿನ ಸದ್ದನ್ನು ಸೋಸಿ ಎಸೆಯಲು ಕಂಪ್ಯೂಟರಿಗೆ ಒಂದು ಸಾಲು ಬರೆದರೆ ಸಾಕು, ಬರೆದೆ. ಓದಿದವಳ ಸೋಮಾರಿತನ ಎಂದರೆ ಇದೇ.

ಹೋದ ತಿಂಗಳು ಒಂದು ಮಂಗಳವಾರ ನಸುಕಿನಲ್ಲಿ ಚೆಂಡುಹೂ ಬಿಡಿಸಲು ಬಂದ ಕರಿಬಸಮ್ಮ ನಮ್ಮ ತಂತಿಬೇಲಿಯ ಬದುವಿನಲ್ಲಿ ಸತ್ತುಬಿದ್ದಿದ್ದಳು. ಅಪ್ಪ ಮುಂದೆ ನಿಂತು ಮಣ್ಣು ಮಾಡಿಸಿದರು. ಮೊನ್ನೆ, ಸೋಸುವ ಮುಂಚಿನ ದಾಖಲೆ ನೋಡಿದ ನನ್ನ ಗೈಡು, "ಆ ಗುಂಯ್ ಸದ್ದು ಹೋದ ತಿಂಗಳಿಂದ ಪೂರ್ತಿ ನಿಂತೇಹೋಗಿದೆಯಲ್ಲ, ಯಾಕೆ?" ಎಂದು ಕೇಳಿದರು. ಎಸೆದದ್ದನ್ನು ತೆರೆದು ನೋಡಿದೆ. ಅದೇ ಮಂಗಳವಾರ. 5.42ಕ್ಕೆ ಸದ್ದು ಒಮ್ಮೆಗೇ ಉಬ್ಬಿದೆ, 6.05ರವರೆಗೆ ಹಾಗೇ ಇದೆ. ಆಮೇಲೆ ಇಲ್ಲ, ಇವತ್ತಿಗೂ ಇಲ್ಲ. ಕರೆಂಟ್ ಎಲ್ಲೋ ನೆಲಕ್ಕೆ ಹರಿದರೆ ಹೀಗೆ ಉಬ್ಬುತ್ತದೆ.

ಊರಿಗೆ ಹೋಗಿ ಅಪ್ಪನನ್ನು ಕೇಳಿದ್ದು ಇಷ್ಟೇ: "ಆ ಮಂಗಳವಾರದಿಂದ ಗುಂಯ್ ಸದ್ದು ಯಾಕೆ ನಿಂತೋಯ್ತು?"

"ಬೇಲಿಗೆ ಯಾರವ್ವ ಕರೆಂಟ್ ಕೊಟ್ಟಿದ್ರು?" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಬೇಲಿಯ ಹೆಸರನ್ನೇ ನಾನು ಎತ್ತಿರಲಿಲ್ಲ. ಆಮೇಲೆ ಅವರೇ ಬಾಯಿಬಿಟ್ಟರು.

"ಕಾಡಂದಿ ಕಾಟಕ್ಕೆ ಕಣವ್ವ. ದಿನಾ ಆರ್ ಗಂಟ್ಗೆ ತೆಗೀತಿದ್ದೆ. ಅವತ್ತು ಅವ್ಳು ಆರ್ಕಿಂತ ಮುಂಚೇನೇ ಬಂದ್ಬುಟ್ಟವ್ಳೆ. ನಿನ್ ಕಂಪ್ಯೂಟ್ರಲ್ಲಿ ಅದೇನ್ ಐತೋ ಅಳುಸ್ಬುಡು. ಸತ್ತೋದೋಳು ಬತ್ತಾಳಾ?"

ಗುಂಡ್ಲುಪೇಟೆ ಬಸ್ಸಿಗೆ ನನ್ನನ್ನು ಹತ್ತು ವರ್ಷ ಬೈಕಿನಲ್ಲಿ ಬಿಟ್ಟುಬಂದ ಮನುಷ್ಯ. ಅವರ ಮೇಲೆ ಪ್ರಾಣ ಇದೆ ನನಗೆ. ಅಳಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂಬುದೇ ಸಂಕಟ.

ಇವತ್ತು ಮಧ್ಯಾಹ್ನ ಭಾಗ್ಯಳ ಮನೆಗೆ ಹೋಗಿ ಅಪ್ಪ ಮಾಡಿದ್ದನ್ನೆಲ್ಲ ಹೇಳಿಬಿಟ್ಟೆ. ಪರದೆಯ ಮೇಲಿನ ಗೆರೆ ತೋರಿಸಿದೆ.

"ಇದ್ರಲ್ಲಿ ನಮ್ಮವ್ವ ಯಾವ್ದಕ್ಕ?"

ಉಬ್ಬಿದ ಜಾಗ ತೋರಿಸಿದೆ. ಅವಳು ಅದರ ಒಂದು ತುದಿಗೆ ಬೆರಳಿಟ್ಟು ಮೆಲ್ಲಗೆ ಇನ್ನೊಂದು ತುದಿಗೆ ಎಳೆದಳು. "ಎಷ್ಟೊತ್ತು?"

"ಇಪ್ಪತ್ತಮೂರು ನಿಮಿಷ."

ಅಳುತ್ತಾಳೆ, ಅಪ್ಪನಿಗೆ ಶಾಪ ಹಾಕುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಮುಖ ನೋಡಿದಳು.

"ಈ ಗುಂಯ್ ಅನ್ನೋದು ನಿಂಗೆ ಯಾವಾಗಿಂದ ಕೇಳ್ತಿತ್ತು?"

"ಜುಲೈಯಿಂದ," ಅಂದೆ.

ಭಾಗ್ಯ ಲ್ಯಾಪ್‌ಟಾಪ್ ಮುಚ್ಚಿ ಎದೆಗವುಚಿಕೊಂಡು ಎದ್ದಳು. "ಪೊಲೀಸ್ ಸ್ಟೇಷನ್‌ಗೆ ಓಗನ, ನಡಿ. ಅಲ್ಲಿ ಈ ಜುಲೈ ಮಾತ್ನೂ ಯೋಳು."