ಕಸೂತಿಯ ಹಿಂಬದಿ ಕಂಡ ಫೋನು

ನಾನು ಒಂದು ಮೊಬೈಲ್ ಫೋನು. ಹಳೆಯದು ಎಂದು ಮೂಗು ಮುರಿಯಬೇಡಿ. ದೊಡ್ಡ ಕಾರ್ಖಾನೆಯಲ್ಲಿ ಬಿಳಿ ಕೈಗವಸಿನ ಹುಡುಗಿಯರು ನನ್ನನ್ನು ಜೋಡಿಸಿದಾಗ ನನ್ನ ಕ್ಯಾಮೆರಾಕ್ಕೆ ಸಾಟಿಯೇ ಇರಲಿಲ್ಲ. ಇಂದಿಗೂ ದಾರದ ಎಳೆ ಎಳೆಯನ್ನು ಬಿಡಿಸಿ ತೋರಿಸಬಲ್ಲೆ.

ನನ್ನನ್ನು ಮೊದಲು ಕೊಂಡವಳು ಧಾರವಾಡದ ಶಾಂಭವಿ. ಅವಳ ಕೈಯಲ್ಲಿ ನಾನು ಕಂಡದ್ದು ಬರೀ ಸೆಲ್ಫಿ ಮತ್ತು ಮದುವೆ ಊಟದ ಎಲೆ. ಅವಳಿಗೆ ಹೊಸ ಫೋನು ಬಂದಾಗ ನಾನು ಅದೇ ಮನೆಯಲ್ಲಿ ಅವಳ ಅತ್ತೆ ನೀಲಗಂಗವ್ವರ ಪಾಲಾದೆ. ನನ್ನ ನಿಜವಾದ ಬಾಳು ಶುರುವಾದದ್ದು ಆಮೇಲೆ.

ನೀಲಗಂಗವ್ವ ಕಸೂತಿ ಕಲಿಸುವವರು. ನನ್ನನ್ನು ದಾರದ ಡಬ್ಬಿಗೆ ಆನಿಸಿ ನಿಲ್ಲಿಸಿ, ಇಳಕಲ್ ಸೀರೆಯ ಮೇಲೆ ಗೋಪುರ, ಆನೆ, ತುಳಸಿಕಟ್ಟೆ ಹೊಲಿಯುತ್ತ, ಒಂದು ಆ್ಯಪಿನಲ್ಲಿ ಪಾಠದ ವಿಡಿಯೊ ಹಾಕುತ್ತಿದ್ದರು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಹಿಂದೂ ಮುಂದೂ ಒಂದೇ ಥರ ಕಾಣಬೇಕು. ನಮ್ಮ ಕಡೆಯ ಹೆಂಗಸರು ಬಟ್ಟೆ ಕೈಗೆ ಸಿಕ್ಕೊಡನೆ ತಿರುವಿ ನೋಡುತ್ತಾರೆ, ಹೊಗಳುವುದೇನಿದ್ದರೂ ಆಮೇಲೆ. ನಮ್ಮ ಶಿಷ್ಯೆಯರೂ ಹಾಗೆಯೇ, ತಾವು ಹೊಲಿದದ್ದರ ಹಿಂಬದಿಯ ಫೋಟೊವನ್ನೇ ಕಳಿಸುತ್ತಿದ್ದರು. “ನಮ್ಮ” ಎಂದೆ, ಹೌದು. ನಾನಿಲ್ಲದೆ ಆ ಶಾಲೆ ಎಲ್ಲಿತ್ತು?

ಬರಬರುತ್ತ ಆ ಆ್ಯಪಿಗೆ ಹೊಸಬರು ಬರುವುದು ನಿಂತಿತು. ಕಲಿತವರೇ ನೋಡುವುದು, ಕಲಿತವರೇ ಮೆಚ್ಚುವುದು. ತಮ್ಮ ತಲೆಮಾರಿಗೇ ಈ ಕೈಗೆಲಸ ಮುಗಿದೀತೆಂದು ನೀಲಗಂಗವ್ವರಿಗೆ ಚಿಂತೆ ಹತ್ತಿತು.

“ಅತ್ತಿ, ಹುಡುಗ್ಯಾರೆಲ್ಲಾ ಹೊಸಾ ಆ್ಯಪಿಗೆ ಹೋಗ್ಯಾರ. ನೀವೂ ಬರ್ರಿ,” ಎಂದಳು ಶಾಂಭವಿ.

ಆ ಹೊಸ ಆ್ಯಪು ನನ್ನಲ್ಲಿ ತೆರೆಯುವುದೇ ಇಲ್ಲ. ಅಲ್ಲಿಗೆ ಹೋದರೆ ನನ್ನನ್ನು ಬಿಟ್ಟೇ ಹೋಗಬೇಕು. ಆದರೂ ಬಿಗುಮಾನ ಬಿಡಲಿಲ್ಲ.

ಶಾಂಭವಿ ತನ್ನ ಫೋನಿನಿಂದ ಅಲ್ಲಿ ಅತ್ತೆ ಗೋಪುರ ಹೊಲಿಯುವ ಒಂದು ವಿಡಿಯೊ ಹಾಕಿಯೇಬಿಟ್ಟಳು. ಅರ್ಧ ನಿಮಿಷ, ಹಿನ್ನೆಲೆಗೊಂದು ಹಾಡು, ಬಟ್ಟೆಯ ಮುಂಬದಿ ಮಾತ್ರ. ಮೆಚ್ಚಿಕೆಯ ಮಾತುಗಳು ರಾಶಿ ಬಿದ್ದವು. ನೀಲಗಂಗವ್ವ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿದರು.

“ಇಷ್ಟ ಮಂದಿಯೊಳಗ ಹಿಂದಿನ ಬದಿ ತೋರಸ್ರಿ ಅಂತ ಒಬ್ರೂ ಕೇಳಲಿಲ್ಲಲ್ಲವಾ. ಇಂಥಲ್ಲಿ ನನಗೇನ ಕೆಲಸ?”

ಗೆದ್ದೆನೆಂದು ಬೀಗಿದೆ.

ಮರುದಿನ ಆ ಆ್ಯಪಿನಲ್ಲಿ ಮೈಸೂರಿನ ಹುಡುಗಿಯೊಬ್ಬಳು, ವಿಡಿಯೊ ನೋಡಿ ತಾನೂ ಹೊಲಿದ ಗೋಪುರವನ್ನು ತೋರಿಸಿದಳು. ಚೆಂದವಿತ್ತು. ನೀಲಗಂಗವ್ವ ಸೊಸೆಯ ಕೈಯಲ್ಲಿ ಬರೆಸಿದರು: “ತಿರುವಿ ತೋರಸವಾ.” ಹುಡುಗಿ ತಿರುವಿದಳು. ಹಿಂದೆಲ್ಲ ಗಂಟೇ ಗಂಟು. ಕೆಳಗೆ ಬರೆದಿದ್ದಳು: “ಹಿಂದೆ ಯಾರು ನೋಡ್ತಾರೆ ಅಜ್ಜಿ?”

ಶಾಂಭವಿ ಕಿಸಕ್ಕನೆ ನಕ್ಕಳು. ನೀಲಗಂಗವ್ವ ನಗಲಿಲ್ಲ. ಆ ಗಂಟುಗಳನ್ನು ಒಂದೊಂದಾಗಿ ಎಣಿಸಿದರು.

“ಹಳೇ ಕಡೆ ಇದ್ದವ್ರಿಗೆ ಎಲ್ಲಾ ಬರ್ತದ. ಬರಲಾರದಾಕಿ ಇಲ್ಲಿ ಕುಂತಾಳ. ನಾ ಇಲ್ಲೇ ಬರಬೇಕು,” ಎಂದರು.

ಹಳೆಯ ಶಿಷ್ಯೆಯರಿಗೆ ಹೇಳಿ ಹೋಗುವ ವಿಡಿಯೊವನ್ನು ಮಾತ್ರ ನನ್ನಿಂದಲೇ ತೆಗೆದರು. “ನನ್ನ ಮಂದಿ ಸಿಕ್ಕದ್ದು ಇದರಾಗ,” ಎನ್ನುತ್ತ ಸೆರಗಿನಿಂದ ನನ್ನ ಬೆನ್ನು ಒರೆಸಿದರು. ನನಗೆ ದುಃಖವಾಯಿತು. ಸುಳ್ಳೇಕೆ ಹೇಳಲಿ, ಹೆಮ್ಮೆಯೂ ಆಯಿತು.

ಈಗ ನಾನು ಮೂಲೆಯ ಗೂಡಿನಲ್ಲಿದ್ದೇನೆ, ಅವರು ನನಗೆಂದೇ ಹೊಲಿದ ಪುಟ್ಟ ಚೀಲದೊಳಗೆ. ಚೀಲದ ಹೊರಬದಿಯ ಕಸೂತಿ ಗೋಪುರವನ್ನು ಬಂದವರೆಲ್ಲ ಹೊಗಳುತ್ತಾರೆ. ಹಿಂದೆ ಯಾರು ನೋಡ್ತಾರೆ ಎಂದಳಲ್ಲ ಆ ಹುಡುಗಿ? ನಾನು ನೋಡುತ್ತೇನೆ. ಒಂದೂ ಗಂಟಿಲ್ಲ.